ಆ್ಯಕರ್‌ನ ಜೋನ್: ಜಮೀನಿನ ದಾಖಲೆಗಳಿಂದ ಒಂದು ಬದುಕನ್ನು ಕಟ್ಟಿದ ಬಗೆ

ಇಂಗ್ಲೆಂಡಿನ ಒಂದನೇ ಎಡ್ವರ್ಡ್‌ನ ಮಗಳು ಜೋನ್ ಹುಟ್ಟಿದ್ದು 1272ರಲ್ಲಿ, ಪ್ಯಾಲೆಸ್ತೀನಿನ ಆ್ಯಕರ್‌ನಲ್ಲಿ. ತಂದೆ ಆಗಿನ್ನೂ ಯುವರಾಜ, ಕ್ರುಸೇಡ್ ಯುದ್ಧಕ್ಕೆ ಹೋಗಿದ್ದ. ಅವಳು ತೀರಿಕೊಂಡಿದ್ದು 1307ರ ಏಪ್ರಿಲ್ 23ರಂದು, ಸಫಕ್‌ನ ಕ್ಲೇರ್‌ನಲ್ಲಿ. ನಡುವಿನ ಬದುಕನ್ನು ಬರೆಯಲು ಹೊರಟಾಗ ಮಠಗಳ ವೃತ್ತಾಂತಗಳನ್ನು ಬದಿಗಿಟ್ಟು ಜಮೀನಿನ ದಾಖಲೆಗಳನ್ನೇ ಮೊದಲು ಹಿಡಿದೆ. ಅವಳ ಸ್ವಭಾವದ ಬಗ್ಗೆ ಸನ್ಯಾಸಿಗಳು ಬರೆದದ್ದು ಕೇಳಿದ ಮಾತಿರಬಹುದು. ಭೂಮಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಮಾತ್ರ ರಾಜನ ಗುಮಾಸ್ತರು ಆಗಿಂದಾಗ್ಗೆ ಬರೆದಿಟ್ಟಿದ್ದಾರೆ.

ಮೊದಲ ಕೆಲಸ ತಾರೀಖು ಕೂಡಿಸುವುದು. ದಾಖಲೆಗಳಲ್ಲಿರುವುದು ಆಳ್ವಿಕೆಯ ವರ್ಷ, ಅಂದರೆ ರಾಜನ ಆಳ್ವಿಕೆ ಶುರುವಾದಾಗಿನಿಂದ ಎಣಿಸಿದ ವರ್ಷ. ನಮ್ಮ ಶಾಸನಗಳನ್ನು ಓದಿದವರಿಗೆ ಇದು ಹೊಸದಲ್ಲ. ಎಡ್ವರ್ಡ್‌ನ ವರ್ಷ ನವೆಂಬರ್ 20ಕ್ಕೆ ಶುರು. ಆ ದಿನದಿಂದ ಡಿಸೆಂಬರ್ 31ರವರೆಗಿನ ಪತ್ರಕ್ಕೆ ಆಳ್ವಿಕೆ ವರ್ಷಕ್ಕೆ 1271 ಕೂಡಿಸಬೇಕು, ಜನವರಿ 1ರಿಂದ ನವೆಂಬರ್ 19ರವರೆಗಿನದಕ್ಕೆ 1272. 18ನೇ ವರ್ಷದ ಏಪ್ರಿಲ್ ಎಂದರೆ 1290, 24ನೇ ವರ್ಷದ ಡಿಸೆಂಬರ್ ಎಂದರೆ 1295. ವೃತ್ತಾಂತಗಳಿಗೆ ಬಂದರೆ ಇನ್ನೊಂದು ತೊಡಕು: ಹಲವು ಬರಹಗಾರರಿಗೆ ಹೊಸ ವರ್ಷ ಮಾರ್ಚ್ 25ಕ್ಕೆ. ಜನವರಿಯಿಂದ ಮಾರ್ಚ್ 24ರವರೆಗಿನ ಘಟನೆ ಒಂದು ವರ್ಷ ಹಿಂದಕ್ಕೆ ಬೀಳುತ್ತದೆ. ಜೋನ್‌ಳ ಬದುಕಿನ ಅತಿ ಮುಖ್ಯ ತಿರುವು ಇದೇ ತಿಂಗಳುಗಳಲ್ಲಿ ನಡೆದಿರುವುದರಿಂದ ಇಲ್ಲಿ ತಪ್ಪಿದರೆ ಇಡೀ ಕ್ರಮವೇ ಕೆಡುತ್ತದೆ.

ಹಣದ ಲೆಕ್ಕ ಸುಲಭ. 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ಮಾರ್ಕ್ ನಾಣ್ಯವಲ್ಲ, ಲೆಕ್ಕದ ಮಾನ: 13 ಶಿಲ್ಲಿಂಗ್ 4 ಪೆನ್ನಿ. 100 ಮಾರ್ಕನ್ನು 100 ಪೌಂಡ್ ಎಂದು ಓದಿದರೆ ಮೊತ್ತ ಒಂದೂವರೆ ಪಟ್ಟಾಗುತ್ತದೆ.

ಹೆಸರುಗಳಿಗೆ ಬೇರೆ ಹಾಳೆಯನ್ನೇ ಇಟ್ಟುಕೊಳ್ಳಬೇಕು. ಜೋನ್ ಎಂಬ ಹೆಸರಿನ ಅಕ್ಕ 1265ರಲ್ಲೇ ಕೂಸಾಗಿದ್ದಾಗ ತೀರಿಕೊಂಡಿದ್ದಳು. ತಾಯಿಯ ತಾಯಿಯ ಹೆಸರೂ ಅದೇ. ನಮ್ಮ ಜೋನ್‌ಳನ್ನು ಮಗುವಾಗಿದ್ದಾಗ ಫ್ರಾನ್ಸಿನ ಪಾಂತ್ಯೂನಲ್ಲಿ ಸಾಕಿದವಳು ಈ ಅಜ್ಜಿಯೇ. ತಾಯಿ, ತಂದೆಯ ತಾಯಿ, ಅಕ್ಕ, ಮಗಳು ನಾಲ್ವರೂ ಎಲಿನಾರ್. ಹೆಸರಿನ ಜೊತೆ ವರ್ಷವನ್ನೂ ಸಂಬಂಧವನ್ನೂ ಬರೆಯದ ಟಿಪ್ಪಣಿಯನ್ನು ನಾನು ಬಳಸುವುದಿಲ್ಲ.

ಇನ್ನು 1290. ಏಪ್ರಿಲ್ 30ರಂದು ವೆಸ್ಟ್‌ಮಿನ್‌ಸ್ಟರಿನಲ್ಲಿ ಅವಳ ಮದುವೆ ಗ್ಲಾಸ್ಟರಿನ ಅರ್ಲ್ (ಉನ್ನತ ಸರದಾರ ಪದವಿ) ಗಿಲ್ಬರ್ಟ್ ಡಿ ಕ್ಲೇರ್ ಜೊತೆ. ಅವನಿಗೆ 46, ಅವಳಿಗೆ ಸುಮಾರು 18. ವಯಸ್ಸಿನ ಅಂತರವನ್ನೇ ಎಲ್ಲರೂ ಎತ್ತಿ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಂಡದ್ದು ಒಪ್ಪಂದ. ಗಿಲ್ಬರ್ಟ್ ತನ್ನ ಜಮೀನನ್ನೆಲ್ಲ ರಾಜನಿಗೆ ಒಪ್ಪಿಸಿದ. ರಾಜ ಅದನ್ನು ಗಂಡಹೆಂಡಿರಿಬ್ಬರ ಜಂಟಿ ಹೆಸರಿಗೆ ತಿರುಗಿ ಕೊಟ್ಟ. ಇಬ್ಬರಿಗೂ ಹುಟ್ಟಿದ ಮಕ್ಕಳಿಗೆ ಹಕ್ಕು. ಅವರಿಲ್ಲದಿದ್ದರೆ ಜೋನ್‌ಳ ವಾರಸುದಾರರಿಗೆ. ಗಿಲ್ಬರ್ಟ್‌ನ ಮೊದಲ ಮದುವೆಯ ಹೆಣ್ಣುಮಕ್ಕಳು ಹೊರಗುಳಿದರು.

ಈ ಒಂದು ಪತ್ರವನ್ನು ಬಿಟ್ಟರೆ ಮುಂದಿನದ್ಯಾವುದೂ ಅರ್ಥವಾಗುವುದಿಲ್ಲ. 1295ರ ಡಿಸೆಂಬರ್ 7ರಂದು ಗಿಲ್ಬರ್ಟ್ ಸತ್ತಾಗ ಸಾಮಾನ್ಯ ವಿಧವೆಗೆ ಸಿಗುತ್ತಿದ್ದದ್ದು ಮೂರನೆಯ ಒಂದು ಪಾಲು. ಜಂಟಿ ಹಕ್ಕಿದ್ದುದರಿಂದ ಜೋನ್‌ಳ ಕೈಗೆ ಇಡೀ ಆಸ್ತಿಯೇ ಬಂತು. ರಾಜನಿಂದ ನೇರವಾಗಿ ಭೂಮಿ ಪಡೆದ ವಿಧವೆ ಅವನ ಒಪ್ಪಿಗೆಯಿಲ್ಲದೆ ಮರುಮದುವೆಯಾಗುವಂತಿಲ್ಲ ಎಂಬ ಷರತ್ತು ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಸನ್ನದಾದ ಮ್ಯಾಗ್ನಾ ಕಾರ್ಟಾದಲ್ಲೇ ಇತ್ತು. 1297ರ ಆರಂಭದಲ್ಲಿ ಅವಳು ಗಿಲ್ಬರ್ಟ್‌ನ ಪರಿವಾರದಲ್ಲಿದ್ದ ರಾಲ್ಫ್ ಡಿ ಮಾಂಥರ್ಮರ್‌ನನ್ನು ಗುಟ್ಟಾಗಿ ಮದುವೆಯಾದಳು. ಅತ್ತ ತಂದೆ ಅವಳನ್ನು ಆಲ್ಪ್ಸ್ ಸೀಮೆಯ ಸವಾಯ್‌ನ ದೊರೆ ಅಮಡಿಯಸ್‌ಗೆ ಕೊಡಲು ಹೊರಟಿದ್ದ. ಕಥೆ ಹೇಳುವವರು ಇದನ್ನು ಪ್ರೇಮಪ್ರಸಂಗವಾಗಿ ನಿಲ್ಲಿಸಿಬಿಡುತ್ತಾರೆ. ದಾಖಲೆಗಳು ಅಲ್ಲಿಗೆ ನಿಲ್ಲುವುದಿಲ್ಲ: ಎಡ್ವರ್ಡ್ ಅವಳ ಜಮೀನನ್ನು ವಶಪಡಿಸಿಕೊಂಡ, ರಾಲ್ಫ್‌ನನ್ನು ಬ್ರಿಸ್ಟಲ್ ಕೋಟೆಯಲ್ಲಿ ಸೆರೆಯಿಟ್ಟ. ಆಗಸ್ಟಿನ ಹೊತ್ತಿಗೆ ಬಿಡುಗಡೆ. ಆಮೇಲೆ ಹೆಂಡತಿಯ ಹಕ್ಕಿನಿಂದಲೇ ರಾಲ್ಫ್ ಅರ್ಲ್ ಎನಿಸಿಕೊಂಡ, ಅವಳು ಸತ್ತ ಮೇಲೆ ಆ ಪದವಿ ಅವನ ಕೈಬಿಟ್ಟು ಗಿಲ್ಬರ್ಟ್‌ನ ಮಗನಿಗೆ ಹೋಯಿತು.

ಜಮೀನುದಾರರ ಮರಣದ ನಂತರ ಕೌಂಟಿ (ಜಿಲ್ಲೆ) ಕೌಂಟಿಗಳಲ್ಲಿ ನಡೆಯುತ್ತಿದ್ದ ಜಮೀನಿನ ವಿಚಾರಣೆಗಳನ್ನು ಕೊನೆಗೆ ಓದುತ್ತೇನೆ. ಊರಿನ ಪಂಚರು ನೆನಪಿನಿಂದ ಹೇಳಿದ ವಾರಸುದಾರನ ವಯಸ್ಸು ಕೌಂಟಿಯಿಂದ ಕೌಂಟಿಗೆ ಬೇರೆಯಾಗಬಹುದು. ಒಂದನ್ನೇ ನಂಬದೆ ಎಲ್ಲವನ್ನೂ ಪಕ್ಕಪಕ್ಕ ಇಡಬೇಕು. ಜೋನ್‌ಳ ಕಡತವನ್ನು 1307ಕ್ಕೆ ಮುಚ್ಚಬಾರದು. ಮಗ 1314ರಲ್ಲಿ ಸ್ಕಾಟರ ವಿರುದ್ಧದ ಬ್ಯಾನಕ್‌ಬರ್ನ್ ಯುದ್ಧದಲ್ಲಿ ಮಡಿದ, ಮಕ್ಕಳಿರಲಿಲ್ಲ. 1290ರ ಪತ್ರದ ಪ್ರಕಾರ ಆಸ್ತಿ ಅವಳ ಮೂವರು ಹೆಣ್ಣುಮಕ್ಕಳಾದ ಎಲಿನಾರ್, ಮಾರ್ಗರೆಟ್, ಎಲಿಜಬೆತ್‌ರಿಗೆ 1317ರಲ್ಲಿ ಪಾಲಾಯಿತು. ಕೇಂಬ್ರಿಜ್‌ನ ಕ್ಲೇರ್ ಕಾಲೇಜಿಗೆ ದತ್ತಿ ಕೊಟ್ಟ ಎಲಿಜಬೆತ್ ಇವಳೇ.