ಮಗು ಓಡಿದಾಗ ಕುರ್ಚಿಯಿಂದ ಏಳಬೇಕಾದವರು ಯಾರು?

ಸಾರ್ವಜನಿಕ ಸ್ಥಳದಲ್ಲಿ ಮಕ್ಕಳು ಮಾಡುವ ಸದ್ದೆಲ್ಲ ದುರ್ನಡತೆಯಲ್ಲ. ವಿಮಾನ ಇಳಿಯುವ ಹೊತ್ತಿಗೆ ಹಸುಗೂಸು ಕಿರುಚಿ ಅಳುವುದಕ್ಕೆ ಎಷ್ಟೋ ಸಲ ಕಿವಿಯೊಳಗಿನ ಒತ್ತಡವೇ ಕಾರಣ. ಕಿವಿಯನ್ನೂ ಗಂಟಲನ್ನೂ ಸೇರಿಸುವ ನಳಿಕೆ ಎಳೆಯ ಮಕ್ಕಳಲ್ಲಿ ಕಿರಿದಾಗಿಯೂ ಹೆಚ್ಚು ಅಡ್ಡವಾಗಿಯೂ ಇರುವುದರಿಂದ ಅವಕ್ಕೆ ಈ ಬಾಧೆ ದೊಡ್ಡವರಿಗಿಂತ ಹೆಚ್ಚು. ಹಾಲು ಕುಡಿಸಿದರೆ ನುಂಗುವಾಗ ಒಂದಿಷ್ಟು ಉಪಶಮನ ಸಿಗುತ್ತದೆ. 2 ವರ್ಷದ ಮಗು ಸಾಲಿನಲ್ಲಿ ಅರ್ಧ ಗಂಟೆ ನಿಂತು ಬೇಸತ್ತು ರಚ್ಚೆ ಹಿಡಿದರೆ ಅದನ್ನೂ ತಪ್ಪೆನ್ನಲಾಗದು. ಆದರೆ 5 ವರ್ಷದ ಮಗು ಮುಂದಿನ ಸೀಟಿಗೆ ಒಂದೇ ಸಮನೆ ಒದೆಯುತ್ತಿರುವಾಗ, ಊಟದ ಮೇಜುಗಳ ನಡುವೆ ಓಡುತ್ತಿರುವಾಗ, ಅಂಗಡಿಯ ಕಪಾಟಿನಿಂದ ಸಾಮಾನುಗಳನ್ನು ಎಳೆದು ಹಾಕುತ್ತಿರುವಾಗ, ಪಕ್ಕದಲ್ಲೇ ಇರುವ ಹೆತ್ತವರು ಮೊಬೈಲಿನಿಂದ ತಲೆ ಎತ್ತದಿದ್ದರೆ ಅಲ್ಲಿ ತಪ್ಪು ನಡೆದಿದೆ, ಮತ್ತು ಅದರ ಹೆಚ್ಚಿನ ಪಾಲು ಮಗುವಿನದಲ್ಲ. "ಚಿಕ್ಕ ಮಗು, ಅದಕ್ಕೇನು ಗೊತ್ತಾಗುತ್ತೆ" ಎಂಬ ಸಮಜಾಯಿಷಿಯನ್ನು ಎಲ್ಲರೂ ಕೇಳಿದ್ದೇವೆ. ಮಾತೇನೋ ನಿಜ, ಗೊತ್ತಾಗುವುದಿಲ್ಲ ಎಂಬ ಕಾರಣಕ್ಕೇ ಗೊತ್ತಿರುವವರೊಬ್ಬರು ಜೊತೆಗಿರಬೇಕು. ಮನಸ್ಸಿಗೆ ಬಂದದ್ದನ್ನು ಕೂಡಲೇ ಮಾಡದಂತೆ ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವ ಹೊತ್ತಿಗೆ ಮನುಷ್ಯನಿಗೆ ಇಪ್ಪತ್ತು ದಾಟಿ ಕೆಲವು ವರ್ಷಗಳಾಗಿರುತ್ತವೆ. ಅಲ್ಲಿಯವರೆಗೆ, ಅದರಲ್ಲೂ ಮೊದಲ ಏಳೆಂಟು ವರ್ಷ, ಆ ತಡೆಯನ್ನು ಹೊರಗಿನಿಂದ ಒದಗಿಸುವವರು ಪಾಲಕರು.

ಈ ಕೆಲಸ ಬಾಯಿಗಿಂತ ಹೆಚ್ಚಾಗಿ ಕಾಲಿಗೆ ಸೇರಿದ್ದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೂತಲ್ಲಿಂದಲೇ ಕೂಗುವ ಪಾಲಕರಿಗೆ ಕೊರತೆಯಿಲ್ಲ; ಎದ್ದು ಹೋಗುವವರು ಕಡಿಮೆ.

ಹೊರಡುವ ಮೊದಲು

ನಿದ್ದೆಗೆಟ್ಟ, ಹಸಿದ ಮಗುವನ್ನು ಗದ್ದಲದ ಜಾಗಕ್ಕೆ ಕರೆದೊಯ್ದು, ಅಲ್ಲಿ ಅದು ಜಾಣತನದಿಂದ ಇರಬೇಕೆಂದು ಬಯಸುವುದು ಅನ್ಯಾಯ. ಮಗು ಮಲಗುವ ಹೊತ್ತನ್ನೂ ತಿನ್ನುವ ಹೊತ್ತನ್ನೂ ನೋಡಿಕೊಂಡು ಸಮಯ ಗೊತ್ತುಮಾಡಿ. ಬಾಗಿಲು ದಾಟುವ ಮುನ್ನ ಎರಡೋ ಮೂರೋ ನಿಯಮಗಳನ್ನು ಹೇಳಿ, ಅದಕ್ಕಿಂತ ಹೆಚ್ಚು ಬೇಡ. ಮಾಡಬಾರದ್ದರ ಬದಲು ಮಾಡಬೇಕಾದ್ದನ್ನು ಹೇಳುವುದು ಒಳ್ಳೆಯದು. "ಓಡಬೇಡ" ಎಂದರೆ ಏನು ಮಾಡಬೇಕೆಂಬುದು ಮಗುವಿಗೆ ತಿಳಿಯುವುದಿಲ್ಲ, "ನನ್ನ ಕೈ ಹಿಡಿದು ನಡಿ" ಎಂದರೆ ತಿಳಿಯುತ್ತದೆ.

ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮಕ್ಕಳು ಕಣ್ತಪ್ಪುವುದು ದೊಡ್ಡವರು ಕಡಿಮೆ ಇದ್ದಾಗ ಮಾತ್ರವಲ್ಲ, ತುಂಬ ಜನ ಇದ್ದಾಗಲೂ ಹೌದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬೇರೆ ಕೋಣೆಯಿಂದ ಇಂಟರ್‌ಕಾಮ್‌ನಲ್ಲಿ ಮಾತಾಡುತ್ತಿದ್ದ ವ್ಯಕ್ತಿಗೆ ಮೂರ್ಛೆರೋಗ ಬಂದಂತೆ ಕೇಳಿಸಲಾಯಿತು. ಕೇಳಿಸಿಕೊಳ್ಳುತ್ತಿರುವುದು ತಾನೊಬ್ಬನೇ ಎಂದುಕೊಂಡವರಲ್ಲಿ ಶೇ. 85 ಮಂದಿ ಅವನ ದನಿ ನಿಲ್ಲುವುದರೊಳಗೆ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಎದ್ದವರು ಶೇ. 31 ಮಾತ್ರ. ಅಜ್ಜಿ, ತಾತ, ಅತ್ತೆ, ಮಾವ ಎಲ್ಲರೂ ಸೇರಿ ಹೊರಟಾಗ ಮಗುವಿನ ವಿಷಯದಲ್ಲೂ ಇದೇ ಆಗುತ್ತದೆ: ಅವರು ನೋಡುತ್ತಿದ್ದಾರೆ ಎಂದು ಇವರು, ಇವರು ನೋಡುತ್ತಿದ್ದಾರೆ ಎಂದು ಅವರು. ಆದ್ದರಿಂದ ಒಂದು ಹೊತ್ತಿಗೆ ಒಬ್ಬರೇ ಹೊಣೆ ಹೊರಬೇಕು, ಮತ್ತು ಅದನ್ನು ಬಾಯಿಬಿಟ್ಟು ಹೇಳಬೇಕು. "ರೀ, ಇನ್ನು ಹತ್ತು ನಿಮಿಷ ಅವಳು ನಿಮ್ಮ ಸುಪರ್ದಿ" ಎಂದು ಹೇಳಿ, "ಆಯ್ತು" ಎಂಬ ಉತ್ತರ ಬಂದ ಮೇಲೆಯೇ ಪಕ್ಕಕ್ಕೆ ಸರಿಯಿರಿ. ನೀರಿನ ಬಳಿಯಂತೂ ಇದನ್ನು ಎಳ್ಳಷ್ಟೂ ಸಡಿಲಿಸಬೇಡಿ. ಮುಳುಗುವ ಮಗು ಸಾಮಾನ್ಯವಾಗಿ ಕೂಗಿಕೊಳ್ಳುವುದಿಲ್ಲ.

ಅಲ್ಲಿಗೆ ಹೋದ ಮೇಲೆ

ಆಸ್ಪತ್ರೆಯೊಂದರಲ್ಲಿ ಜನ ಸರದಿಗಾಗಿ ಕಾದು ಕೂತಿರುವ ಕೋಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಾಲ್ಕು ವರ್ಷದ ಹುಡುಗ ಮೂಲೆಯ ಕುಡಿಯುವ ನೀರಿನ ಕ್ಯಾನಿನ ನಲ್ಲಿ ಒತ್ತುತ್ತಿದ್ದಾನೆ. ಆರು ಕುರ್ಚಿಯಾಚೆ ಕೂತ ತಾಯಿ ಮೊಬೈಲು ನೋಡುತ್ತಲೇ "ಏಯ್, ಬೇಡ ಅಂದೆ ಕಣೋ" ಎನ್ನುತ್ತಾರೆ. ಹುಡುಗ ಕೈ ತೆಗೆದು ತಿರುಗಿ ನೋಡುತ್ತಾನೆ. ಅವನು ನೋಡುವುದು ತಾಯಿಯ ಮುಖವನ್ನಲ್ಲ, ತಾಯಿ ಏಳುತ್ತಾರೋ ಇಲ್ಲವೋ ಎಂಬುದನ್ನು. ಏಳಲಿಲ್ಲ. ಮತ್ತೆ ಒತ್ತುತ್ತಾನೆ. "ಏಟು ಬೀಳುತ್ತೆ ನೋಡು" ಎಂಬ ಮಾತು ಬರುತ್ತದೆ, ಏಟೂ ಬರುವುದಿಲ್ಲ, ತಾಯಿಯೂ ಬರುವುದಿಲ್ಲ. ಅಷ್ಟರಲ್ಲಿ ನೆಲದ ಮೇಲೆ ಹರಿದ ನೀರು ಊರುಗೋಲು ಹಿಡಿದ ಹಿರಿಯರೊಬ್ಬರ ಕಾಲಬುಡ ತಲುಪಿರುತ್ತದೆ.

ಇಲ್ಲಿ ಮಾಡಬೇಕಾದ್ದು ಇಷ್ಟು. ಹೆಸರು ಹಿಡಿದು ಒಂದೇ ಸಲ ಹೇಳಿ. ಎರಡನೆಯ ಸಲಕ್ಕೆ ಎದ್ದು ಹೋಗಿ, ಮಗುವಿನ ಎತ್ತರಕ್ಕೆ ಬಗ್ಗಿ, ಕೈ ಹಿಡಿದುಕೊಂಡು, ದನಿ ಏರಿಸದೆ "ಈ ನೀರು ಕುಡಿಯೋದಕ್ಕೆ ಮಾತ್ರ. ಬಾ, ಚೆಲ್ಲಿದ್ದನ್ನು ಒರೆಸೋಣ" ಎಂದು ಹೇಳಿ, ಇಬ್ಬರೂ ಸೇರಿ ಒರೆಸಿ, ಆಮೇಲೆ ಮಗುವನ್ನು ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ. ಎರಡು ನಿಮಿಷದ ಕೆಲಸ. ಹತ್ತು ಸಲ ಕೂಗಿ ಹತ್ತನೆಯ ಸಲಕ್ಕೆ ಎದ್ದರೆ, ಮೊದಲ ಒಂಬತ್ತು ಮಾತುಗಳಿಗೆ ಬೆಲೆಯಿಲ್ಲ ಎಂಬುದನ್ನು ನೀವೇ ಕಲಿಸಿದಂತಾಗುತ್ತದೆ. ಸಿಟ್ಟಿಗೆದ್ದು ಎಲ್ಲರೆದುರು ಹೊಡೆಯುವುದು ಇದಕ್ಕಿಂತ ಕಡೆ. ದಂಡಂ ದಶಗುಣಂ ಎನ್ನುವವರು ಏನೇ ಹೇಳಲಿ, ಹೊಡೆತ ತಿಂದ ಮಗುವಿನ ನೆನಪಿನಲ್ಲಿ ಉಳಿಯುವುದು ಅವಮಾನವೇ ಹೊರತು ನೀರಿನ ಪಾಠವಲ್ಲ.

"ಸುಮ್ಮನಿರು, ಅಂಕಲ್ ಬೈತಾರೆ" ಎಂಬ ಮಾತನ್ನು ಇವತ್ತೇ ಬಿಟ್ಟುಬಿಡಿ. ನಿಯಮ ನಿಮ್ಮದಲ್ಲ, ಯಾರೋ ಅಪರಿಚಿತರದು ಎಂದು ಹೇಳಿದ ಹಾಗಾಗುತ್ತದೆ. ಅಂಕಲ್ ಎದ್ದು ಹೋದ ಕೂಡಲೇ ನಿಯಮವೂ ಹೋಗುತ್ತದೆ. "ಪೊಲೀಸ್ ಹಿಡ್ಕೊಂಡು ಹೋಗ್ತಾರೆ" ಎಂಬ ಬೆದರಿಕೆ ಇನ್ನೂ ಕೆಟ್ಟದ್ದು, ಏಕೆಂದರೆ ಜನಜಂಗುಳಿಯಲ್ಲಿ ಕಳೆದುಹೋದ ದಿನ ಮಗು ಹೆದರದೆ ಹತ್ತಿರ ಹೋಗಬೇಕಾದವರ ಪೈಕಿ ಪೊಲೀಸರೂ ಇರುತ್ತಾರೆ.

ಇನ್ನು ಅಪಾಯದ ಜಾಗಗಳು. ಎಸ್ಕಲೇಟರಿನಲ್ಲಿ ಮಗುವಿನ ಕೈ ಹಿಡಿದು ಮೆಟ್ಟಿಲಿನ ನಡುವೆ ನಿಲ್ಲಿಸಿಕೊಳ್ಳಿ. ಮೆತ್ತನೆಯ ರಬ್ಬರ್ ಚಪ್ಪಲಿ, ಇಳಿಬಿದ್ದ ಲಾಡಿ, ಎಳೆಯ ಬೆರಳು ಇವೆಲ್ಲ ಪಕ್ಕದ ಸಂದಿಗೆ ಸಿಕ್ಕಿಕೊಳ್ಳುವಂಥವು. ತುರ್ತಾಗಿ ನಿಲ್ಲಿಸುವ ಕೆಂಪು ಗುಂಡಿ ಸಾಮಾನ್ಯವಾಗಿ ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ಇರುತ್ತದೆ, ಹತ್ತುವ ಮುನ್ನ ಒಮ್ಮೆ ಕಣ್ಣು ಹಾಯಿಸಿ. ಅಂಗಡಿಯ ಟ್ರಾಲಿಯಲ್ಲಿ ಮಗುವನ್ನು ನಿಲ್ಲಿಸಬೇಡಿ. ಚಿಕ್ಕ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆಯೇ ಭಾರವಾದ್ದರಿಂದ ಬಿದ್ದಾಗ ಪೆಟ್ಟಾಗುವುದು ಹೆಚ್ಚಾಗಿ ತಲೆಗೆ. ಹೋಟೆಲಿನಲ್ಲಿ ಓಡುವ ಮಗು ಕೂತವರಿಗೆ ಕಿರಿಕಿರಿಯಷ್ಟೇ, ಬಿಸಿ ಪಾತ್ರೆ ಹಿಡಿದು ಬರುವ ಬಡಿಸುವವರಿಗೆ ಮಾತ್ರ ಅದು ಸೊಂಟದ ಕೆಳಗೆ ಕಾಣದಂತೆ ನುಗ್ಗುವ ಅಪಾಯ.

ಕಾಯುವಾಗ ಮೊಬೈಲು ಕೊಡಲೇಬಾರದು ಎನ್ನುವವರ ಪಂಗಡಕ್ಕೆ ನಾನು ಸೇರಿಲ್ಲ. ಬಣ್ಣದ ಕಡ್ಡಿ, ಚಿತ್ರದ ಪುಸ್ತಕ ಮೊದಲು, ಅವು ಸಾಕಾಗದಿದ್ದರೆ ಮೊಬೈಲೂ ಆಗಬಹುದು. ಆದರೆ ಸದ್ದು ಪೂರ್ತಿ ಬಂದ್ ಆಗಿರಬೇಕು ಅಥವಾ ಹೆಡ್‌ಫೋನ್ ಇರಬೇಕು. ನಿಮ್ಮ ಮಗುವನ್ನು ಸುಮ್ಮನಿರಿಸಲು ಹಾಕಿದ ಹಾಡನ್ನು ಇಡೀ ಬೋಗಿಯವರು ಕೇಳಬೇಕಾಗಿಲ್ಲ.

ರಂಪ ಶುರುವಾದರೆ

ಒಂದರಿಂದ ನಾಲ್ಕು ವರ್ಷದ ಮಕ್ಕಳು ನೆಲಕ್ಕೆ ಬಿದ್ದು ಹಟ ಮಾಡುವುದು ಸಾಮಾನ್ಯ, ಮತ್ತು ಹೆಚ್ಚಿನ ರಂಪ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಆ ನಿಮಿಷಗಳು ತಾಯಿತಂದೆಯರಿಗೆ ಗಂಟೆಗಳಂತೆ ಅನ್ನಿಸುವುದು ನೋಡುವವರ ಕಣ್ಣುಗಳಿಂದ. ಮಗುವನ್ನು ಎತ್ತಿಕೊಂಡು ಹೊರಗೆ ಅಥವಾ ಜನ ಕಡಿಮೆ ಇರುವ ಕಡೆಗೆ ಹೋಗಿ. ಮಾತು ಕಡಿಮೆ ಇರಲಿ. ಅಳುವಿನ ನಡುವೆ ಬುದ್ಧಿವಾದ ಕಿವಿಗೆ ಬೀಳುವುದಿಲ್ಲ. ಅಪ್ಪಿಕೊಳ್ಳಲು ಬಂದರೆ ಅಪ್ಪಿಕೊಳ್ಳಿ, ಅದು ಸೋಲಲ್ಲ. ಆದರೆ ಯಾವ ಆಟಿಕೆಗಾಗಿ ಹಟ ಶುರುವಾಯಿತೋ ಅದನ್ನು ಕೊಡಿಸಬೇಡಿ. ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಕಂಡುಕೊಂಡಂತೆ, ಪ್ರತಿ ಸಲವೂ ಪ್ರತಿಫಲ ಸಿಕ್ಕ ನಡವಳಿಕೆಗಿಂತ ಆಗೊಮ್ಮೆ ಈಗೊಮ್ಮೆ ಸಿಕ್ಕ ನಡವಳಿಕೆಯನ್ನು ಬಿಡಿಸುವುದು ಕಷ್ಟ. ನಾಲ್ಕು ಸಲ ಇಲ್ಲವೆಂದು ಐದನೆಯ ಸಲ ಮರ್ಯಾದೆಗೆ ಅಂಜಿ ಕೊಡಿಸುವ ಪಾಲಕರು ಕಲಿಸುತ್ತಿರುವುದು ಇದನ್ನೇ. ಕೊಡಿಸುವುದನ್ನು ನಿಲ್ಲಿಸಿದ ಮೊದಮೊದಲು ರಂಪ ಇನ್ನಷ್ಟು ಏರುವುದುಂಟು. ಆ ಘಟ್ಟದಲ್ಲಿ ಕೈಬಿಟ್ಟವರೇ ಹೆಚ್ಚು.

ಹಟವಲ್ಲದ ರಂಪವೂ ಇದೆ. ಆಟಿಸಂ ಇರುವ ಮಗುವಿಗೆ ಗದ್ದಲ, ಕಣ್ಣು ಕುಕ್ಕುವ ಬೆಳಕು, ಜನರ ತಳ್ಳಾಟ ತಡೆದುಕೊಳ್ಳಲಾಗದೆ ಮೈಮೇಲಿನ ಹತೋಟಿಯೇ ತಪ್ಪಬಹುದು. ಹಟ ಹಿಡಿದ ಮಗು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಓರೆಗಣ್ಣಿನಲ್ಲಿ ನೋಡುತ್ತದೆ, ಬೇಕಾದ್ದು ಸಿಕ್ಕರೆ ನಿಲ್ಲಿಸುತ್ತದೆ. ಈ ಮಗು ಎರಡನ್ನೂ ಮಾಡುವುದಿಲ್ಲ. ಅದಕ್ಕೆ ಬೇಕಾದ್ದು ನಿಶ್ಶಬ್ದವಾದ ಜಾಗ ಮತ್ತು ಸಮಯ. ಕಣ್ಣಿಗೆ ಕಾಣದ ಇಂಥ ತೊಂದರೆಗಳಿರುವವರಿಗಾಗಿ 2016ರಲ್ಲಿ ಬ್ರಿಟನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ ಆರಂಭವಾದ, ಹಸಿರಿನ ಮೇಲೆ ಸೂರ್ಯಕಾಂತಿ ಹೂಗಳಿರುವ ಕೊರಳಪಟ್ಟಿ ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅದನ್ನು ಹಾಕಿಕೊಂಡವರನ್ನು ಕಂಡರೆ ದಾರಿ ಬಿಡಿ, ಸಲಹೆ ಕೊಡಬೇಡಿ.

ಬೇರೆಯವರ ಮಗುವಾದರೆ

ಹೇಳಬೇಕಾದ್ದನ್ನು ದೊಡ್ಡವರಿಗೆ ಹೇಳಿ, ಮಗುವಿಗಲ್ಲ. ಬೇರೆಯವರ ಮಗುವನ್ನು ಗದರಿಸಿದ ಮರುಕ್ಷಣ ವಿಷಯ ಮಗುವಿನ ನಡತೆಯಿಂದ ನಿಮ್ಮ ನಡತೆಗೆ ಹೊರಳುತ್ತದೆ. "ಏನು ಬೆಳೆಸಿದ್ದೀರಿ ಮಗೂನ" ಎಂಬ ಮಾತು ನ್ಯಾಯವಾದದ್ದೇ ಇರಬಹುದು, ಕೆಲಸಕ್ಕೆ ಮಾತ್ರ ಬರುವುದಿಲ್ಲ. "ನೋಡಿ ಮೇಡಂ, ಸೀಟಿಗೆ ಒದೆತ ಬೀಳ್ತಾ ಇದೆ, ಸ್ವಲ್ಪ ಪಾಪುಗೆ ಹೇಳ್ತೀರಾ?" ಎಂದು ಆಗುತ್ತಿರುವುದನ್ನೂ ಬೇಕಾದ್ದನ್ನೂ ಮಾತ್ರ ಹೇಳಿದರೆ, ಗಮನಿಸದೆ ಇದ್ದವರು ಬಹುತೇಕ ನಾಚಿ ಸರಿಪಡಿಸುತ್ತಾರೆ. ಕಾಲು ಗಂಟೆ ಹಲ್ಲು ಕಚ್ಚಿ ಕೂತು ಆಮೇಲೆ ಸಿಡಿಯುವುದಕ್ಕಿಂತ ಮೂರನೆಯ ಒದೆತಕ್ಕೇ ಸಮಾಧಾನದಿಂದ ಹೇಳುವುದು ಇಬ್ಬರಿಗೂ ಕ್ಷೇಮ. ಒಪ್ಪದೆ ಜಗಳಕ್ಕೆ ಬಂದರೆ ವಾದ ಬೆಳೆಸದೆ ಅಲ್ಲಿನ ಸಿಬ್ಬಂದಿಗೆ ತಿಳಿಸಿ. ನಿಯಮ ಹೇಳುವ ಅಧಿಕಾರ ಅವರಿಗಿದೆ.

ಮಗು ಒಂಟಿಯಾಗಿದ್ದರೆ ಲೆಕ್ಕ ಬೇರೆ. "ಪುಟ್ಟಾ, ಅಮ್ಮ ಎಲ್ಲಿದ್ದಾರೆ?" ಎಂದು ಕೇಳಿ, ಅಲ್ಲೇ ನಿಂತು, ಸಿಬ್ಬಂದಿಯನ್ನು ಕರೆಸಿ. ಮಗುವನ್ನು ನೀವೇ ಬೇರೆಡೆಗೆ ಕರೆದೊಯ್ಯಬೇಡಿ. ರಸ್ತೆಗೋ ನೀರಿಗೋ ಇಳಿಯುತ್ತಿದ್ದರೆ ಮಾತ್ರ ಮೊದಲು ತೋಳು ಹಿಡಿದು ನಿಲ್ಲಿಸಿ, ವಿವರಣೆ ಆಮೇಲೆ. ಪಾಲಕರು ಎಷ್ಟೇ ಬೇಜವಾಬ್ದಾರರಾಗಿರಲಿ, ಮಗುವಿನ ವಿಡಿಯೊ ತೆಗೆದು ಹರಿಯಬಿಡುವುದು ಸಲ್ಲದು.

ವಸ್ತು ಒಡೆದರೆ

ಜಾರಿಕೊಳ್ಳಬೇಡಿ. ಗಾಜಿನ ಚೂರುಗಳಿಂದ ಮಗುವನ್ನು ದೂರ ಸರಿಸಿ, ಸಿಬ್ಬಂದಿಯನ್ನು ನೀವೇ ಕರೆದು, ಹೆಸರು ಮತ್ತು ಫೋನ್ ನಂಬರ್ ಕೊಡಿ. ಮಗು ಕ್ಷಮೆ ಕೇಳುವಾಗ ನೀವೂ ಜೊತೆಗೆ ನಿಂತು ಕೇಳಿ. 2024ರ ಆಗಸ್ಟ್‌ನಲ್ಲಿ ಇಸ್ರೇಲಿನ ಹೈಫಾ ನಗರದ ಹೆಕ್ಟ್ ವಸ್ತುಸಂಗ್ರಹಾಲಯದಲ್ಲಿ ನಾಲ್ಕು ವರ್ಷದ ಹುಡುಗ, ಒಳಗೇನಿದೆ ಎಂಬ ಕುತೂಹಲಕ್ಕೆ ಎಳೆದು, ಕನಿಷ್ಠ 3,500 ವರ್ಷ ಹಳೆಯದಾದ ಕಂಚಿನ ಯುಗದ ಜಾಡಿಯನ್ನು ಬೀಳಿಸಿ ಒಡೆದಾಗ, ಅದು ಬೇಕೆಂದು ಮಾಡಿದ ಹಾನಿಯಲ್ಲವೆಂದು ಒಪ್ಪಿದ ಸಂಗ್ರಹಾಲಯ ಜಾಡಿಯನ್ನು ದುರಸ್ತಿಗೆ ಕಳಿಸಿ ಹುಡುಗನನ್ನು ಮತ್ತೆ ಬರುವಂತೆ ಆಹ್ವಾನಿಸಿತು. ಎಲ್ಲ ಕಡೆಯೂ ಇಷ್ಟು ಔದಾರ್ಯ ಸಿಗುವುದಿಲ್ಲ. 2018ರಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಓವರ್‌ಲ್ಯಾಂಡ್ ಪಾರ್ಕ್ ನಗರದ ಸಮುದಾಯ ಭವನವೊಂದರಲ್ಲಿ ಐದು ವರ್ಷದ ಹುಡುಗನಿಂದ ಶಿಲ್ಪವೊಂದು ಉರುಳಿದಾಗ, ಮಗುವಿನ ಮೇಲೆ ನಿಗಾ ಇಡಲಿಲ್ಲವೆಂದು ದೂರಿ ನಗರಾಡಳಿತದ ವಿಮಾ ಕಂಪನಿ ಹೆತ್ತವರಿಗೆ 1,32,000 ಡಾಲರ್ ಕೇಳಿ ಪತ್ರ ಬರೆಯಿತು. ಶಿಲ್ಪವನ್ನು ಭದ್ರವಾಗಿ ಕೂರಿಸಿರಲಿಲ್ಲ ಎಂಬುದು ಹೆತ್ತವರ ವಾದವಾಗಿತ್ತು. ಹಾಗಾಗಿ ಕ್ಷಮೆ ಕೇಳುವುದರ ಜೊತೆಗೆ ವಸ್ತುವನ್ನು ಹೇಗೆ ಇಟ್ಟಿದ್ದರು, ಸುತ್ತ ತಡೆ ಅಥವಾ ಸೂಚನಾ ಫಲಕ ಇತ್ತೇ ಎಂಬುದನ್ನು ನೋಡಿ ಒಂದೆರಡು ಫೋಟೊ ತೆಗೆದುಕೊಳ್ಳಿ. ಹಣ ಕೊಡಬೇಕಾಗಿ ಬಂದರೆ ಬೆಲೆಯ ವಿವರವನ್ನು ಬರಹದಲ್ಲಿ ಕೇಳಿ, ಮತ್ತು ಆ ಮಾತುಕತೆಯನ್ನು ಮಗುವಿನ ಮುಂದೆ ನಡೆಸಬೇಡಿ.