ಒಂದ ಸೈಟು, ಐದು ಗ್ಯಾಂಗು
ಹುಬ್ಬಳ್ಳಿ ಗೋಕುಲ ರೋಡಿನ ಕಡೆ ನಾ ಸೂಪರ್‌ವೈಸರ್ ಇರೋ ಸೈಟಿನ್ಯಾಗ ಗೌಂಡಿ, ಸೆಂಟ್ರಿಂಗ್ (ಕಾಂಕ್ರೀಟಿಗೆ ಅಚ್ಚು, ಆಧಾರ ಕಟ್ಟೋರು), ವೈರಿಂಗ್, ಪ್ಲಂಬಿಂಗ್, ಟೈಲ್ಸ್ ಅಂತ ಐದು ಗ್ಯಾಂಗ್ ಅದಾವ. ಐದಕ್ಕೂ ಬ್ಯಾರೆ ಬ್ಯಾರೆ ಕಾಂಟ್ರ್ಯಾಕ್ಟರು. ಹೆಲ್ಮೆಟ್ಟು, ಬೆಲ್ಟು ಬೇಕ ಬೇಕು. ಆದ್ರ ಒಬ್ರು ಮಾಡಿದ್ದು ಇನ್ನೊಬ್ರಿಗೆ ಗೊತ್ತಿರಂಗಿಲ್ಲ ನೋಡ್ರಿ, ಅಲ್ಲೇ ಜೀವಕ್ಕ ಕುತ್ತು.

ಹೋದ ವರ್ಷ ಮೂರನೇ ಮಹಡಿಯೊಳಗ ಪೈಪ್ ಇಳಿಸೋ ಡಕ್ಟಿನ ಬಾಯಿಗೆ ಪ್ಲೈವುಡ್ ಬಡಿದಿದ್ವಿ. ಪ್ಲಂಬರ್ ಪೈಪ್ ಇಳಿಸಾಕ ಮೊಳಿ ಕಿತ್ತ. ಆಮ್ಯಾಲ ಹಲಗಿ ಹಂಗ ಮ್ಯಾಲಿಟ್ಟು ಚಾ ಕುಡಿಯಾಕ ಹೋದ. ಟೈಲ್ಸ್ ಹುಡುಗ ಹೆಗಲ ಮ್ಯಾಲ ಬಾಕ್ಸ್ ಹೊತ್ತು ಬಂದು ಹಲಗಿ ಅಂಚಿಗೆ ಕಾಲಿಟ್ಟ. ಹಲಗಿ ಜಾರಿತು, ಒಂದು ಕಾಲು ತೊಡಿತನಕ ಒಳಗ. ಕೆಳಗ 30 ಫೂಟು. ಎರಡೂ ಮೊಳಕೈ ಸ್ಲ್ಯಾಬಿಗೆ ಊರಿ ಹಿಡಕೊಂಡಿದ್ದ. ನಾವು ಎತ್ತಿದ ಮ್ಯಾಲೂ ಎಷ್ಟೋ ಹೊತ್ತು ಮಾತ ಬರಲಿಲ್ಲ ಅವಂಗ.

ಅದಕ್ಕ ಹಲಗಿಗೆ ನಾಕೂ ಕಡೆ ಮೊಳಿ ಹೊಡೀರಿ. 'ಕೆಳಗ ತೂತು ಐತಿ' ಅಂತ ಕೆಂಪು ಬಣ್ಣದಾಗ ಬರೀರಿ, ಹಿಂದಿಯೊಳಗೂ ಬರೀರಿ. ಬಿಚ್ಚಿದವ ತಿರುಗಿ ಮೊಳಿ ಹೊಡಿಯೋತನಕ ಅಲ್ಲಿಂದ ಕದಲಬಾರದು. ಚಾ ಅಲ್ಲಿಗೇ ಕಳಸ್ರಿ.

ಮುಂಜಾನೆ 8:30ಕ್ಕ ಐದೂ ಮೇಸ್ತ್ರಿಗಳನ್ನ ಕೂಡಿಸಿ ಕೇಳ್ರಿ: "ಇವತ್ತು ಏನು ಬಿಚ್ಚತೀರಿ? ನಿಮ್ಮ ಕೆಳಗ ಯಾರದಾರ?" ಸೆಂಟ್ರಿಂಗ್ ಬಿಚ್ಚೋ ದಿನ ಕೆಳಗ ಒಬ್ಬರೂ ಇರಬಾರದು, ಹಗ್ಗ ಕಟ್ಟಿ ಕಾವಲಿಗೆ ಆಳು ನಿಂದ್ರಸ್ರಿ. ಟೈಲ್ಸ್‌ನವರಿಗೆ ಚದರ ಫೂಟಿನ ಲೆಕ್ಕ, ಕೆಲಸ ನಿಂತ್ರ ರೊಕ್ಕ ನಿಲ್ತೈತಿ, ಹಗ್ಗ ದಾಟಿ ನುಗ್ಗತಾರ. ಬೈದ್ರ ಉಪಯೋಗಿಲ್ಲ. ಹಿಂದಿನ ದಿನಾನ ಅವರಿಗೆ ಬ್ಯಾರೆ ಕಡೆ ಕೆಲಸ ತೆಗೆದಿಡ್ರಿ.

ಕರೆಂಟಿನ ಬೋರ್ಡಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಬಂದ್ ಮಾಡೋ ಸ್ವಿಚ್ಚು) ಇರಲಿ, ದಿನಾ ಅದರ ಟೆಸ್ಟ್ ಬಟನ್ ಒತ್ತಿ ನೋಡ್ರಿ. ಬರೇ ವೈರು ಸಾಕೆಟ್ಟಿಗೆ ತುರುಕಿ ಕಡ್ಡಿ ಚುಚ್ಚಿದ್ದು ಕಂಡ್ರ ಮಷಿನ್ ಬಂದ್ ಮಾಡಸ್ರಿ, ಯಾರದ ಇರಲಿ.

ನಮ್ಮ ಎರಿ ಮಣ್ಣು ಬ್ಯಾಸಗಿಯೊಳಗ ಬಿರೀತೈತಿ, ನೀರು ಕುಡದ್ರ ಉಬ್ಬಿ ಜಾರತೈತಿ. 1.5 ಮೀಟರಿಗಿಂತ ಆಳ ತಗ್ಗು ತೋಡಿದ್ರ ಎರಡೂ ಬದಿಗೆ ಹಲಗಿ ಕೊಟ್ಟು ಅಡ್ಡ ಆಧಾರ ಬಿಗೀರಿ. ತೋಡಿದ ಮಣ್ಣು ಅಂಚಿನಿಂದ 1.5 ಮೀಟರ್, ಇಲ್ಲಾ ತಗ್ಗಿನ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರ ಹಾಕ್ರಿ. ಗೌಂಡಿಗಳ ಉಸುಕಿನ ಟಿಪ್ಪರ್ ಆ ಅಂಚಿಗೆ ಬರಲಾರದಂಗ ಕಲ್ಲಿಟ್ಟು ದಾರಿ ಕಟ್ರಿ.

ಮಧ್ಯಾಹ್ನ ಬರೋ ಹೊಸ ಆಳಿಗೆ ಮುಂಜಾನಿ ಮಾತು ಗೊತ್ತಿರಂಗಿಲ್ಲ. ಕರಕೊಂಡು ಹೋಗಿ ಒಂದೊಂದು ತೂತು, ಒಂದೊಂದು ತಗ್ಗು ತೋರಸ್ರಿ. ಆಮ್ಯಾಲ ಬುಟ್ಟಿ ಕೊಡ್ರಿ.