ಯೋಯೋ ಕೆಳಗೆ ನಿಲ್ತಿರ್ಲಿಲ್ಲ, ಈಗ ಸರಿ ಆಯ್ತು

ಅಕ್ಕನ ಮಗನ ಮರದ ಯೋಯೋ ಎಷ್ಟು ಜೋರು ಎಸೆದ್ರೂ ಕೆಳಗೆ ಹೋದ ಕೂಡ್ಲೇ ವಾಪಸ್ ಕೈಗೆ ಬರ್ತಿತ್ತು, ನಿಂತಲ್ಲೇ ತಿರುಗೋದು ಅಂತ ಇಲ್ವೇ ಇಲ್ಲ. ಸುರತ್ಕಲ್‌ನ ಮಳೆಗಾಲ ಗೊತ್ತುಂಟಲ್ಲ ಮಾರಾಯ್ರೇ, ಹತ್ತಿ ದಾರ ತೇವ ಎಳ್ಕೊಂಡು ಉಬ್ಬಿತ್ತು, ಹುರಿಯೂ ಸಿಕ್ಕಾಪಟ್ಟೆ ಬಿಗಿ ಆಗಿತ್ತು.

ವಿಷಯ ಎಂತ ಅಂದ್ರೆ ದಾರವನ್ನು ಅಚ್ಚಿಗೆ (ಯೋಯೋದ ಎರಡು ಬಿಲ್ಲೆಗಳ ನಡುವಿನ ಕಡ್ಡಿಗೆ) ಗಂಟು ಹಾಕಿರೋದಿಲ್ಲ, ಬರೀ ಕುಣಿಕೆ ಸುತ್ತಿರ್ತದೆ, 1928ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪೆಡ್ರೋ ಫ್ಲೋರೆಸ್ ಶುರು ಮಾಡಿದ ಕಂಪನಿಯ ಯೋಯೋವೂ ಇದೇ ನಮೂನೆ. ಕೆಳಗೆ ತಲುಪಿದ್ಮೇಲೆ ಕುಣಿಕೆಯೊಳಗೆ ಅಚ್ಚು ಜಾರ್ತಾ ತಿರುಗ್ಬೇಕು, ನಾವು ಸಣ್ಣ ಜಗ್ಗು ಕೊಟ್ರೆ ದಾರ ಒಂದು ಕ್ಷಣ ಸಡಿಲ ಆಗಿ ಅಚ್ಚಿಗೆ ಸುತ್ಕೊಳ್ತದೆ, ಆಮೇಲೆ ಆ ತಿರುಗೋ ಶಕ್ತಿಯೇ ಅದನ್ನ ಮೇಲೆ ಹತ್ತಿಸ್ತದೆ, ಎಷ್ಟು ಚಂದ ಅಲ್ವಾ! ಹುರಿ ಬಿಗಿ ಇದ್ರೆ ಕುಣಿಕೆ ಜಗ್ಗೋ ಮೊದ್ಲೇ ಅಚ್ಚನ್ನು ಹಿಡ್ಕೊಂಡು ಬಿಡ್ತದೆ.

ಹೊಸ ಒಣ ಹತ್ತಿ ದಾರ ಹಾಕಿ, ತುದಿ ಹಿಡಿದು ಯೋಯೋವನ್ನು ನೇತಾಡ್ಲಿಕ್ಕೆ ಬಿಟ್ಟೆ, ಹೆಚ್ಚಿನ ಹುರಿ ತಾನಾಗಿ ಬಿಚ್ಚಿಹೋಯ್ತು. ಈಗ ಕೆಳಗೆ ಆರಾಮಾಗಿ ತಿರುಗ್ತದೆ. ಪೂರ್ತಿ ಬಿಚ್ಬೇಡಿ, ತೀರಾ ಸಡಿಲ ಆದ್ರೆ ಮೇಲೆ ಬರೋದೇ ಇಲ್ಲ. ಮರದ ಅಚ್ಚಿಗೆ ಪಾಲಿಯೆಸ್ಟರ್ ದಾರವೂ ಬೇಡ, ಉಜ್ಜಿ ಬಿಸಿ ಆಗಿ ಕರಗಿ ತುಂಡಾಗ್ತದೆ.